ಕಟ್ಟೆ ಕಾದವರ ಹೊಳೆ

ಬೆಂಗಳೂರಿನಲ್ಲಿರುವ ಅಣ್ಣನ ಮಗ ಗೆಳೆಯರ ಜೊತೆ ಕುಮಟೆಗೆ ಹೋಗಿ ಬಂದವನು ನನ್ನ ಮೊಬೈಲಿಗೆ ಒಂದಿಷ್ಟು ಫೋಟೊ ಕಳಿಸಿದ್ದ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ನಾಲ್ಕೈದು ಹುಡುಗರು, ಹಳದಿ ಪ್ಲಾಸ್ಟಿಕ್ಕಿನ ಕಯಾಕು, ಎರಡೂ ಬದಿಯಿಂದ ಬಾಗಿ ಮೇಲೆ ಕೂಡಿಕೊಂಡ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ನಡುವೆ ಹಸಿರು ನೀರು. "ಅತ್ತೆ, ನಿಮ್ಮ ಹೊಳೆಯಲ್ಲಿ ಇಂಥ ಕಾಡಿದೆ ಅಂತ ನೀನು ಯಾವತ್ತೂ ಹೇಳಲೇ ಇಲ್ವಲ್ಲ" ಎಂದು ಕೆಳಗೆ ಬರೆದಿದ್ದ. ಒಂದು ಫೋಟೊದಲ್ಲಿ ಕಯಾಕಿನ ಹಿಂದೆ, ಗಿಡಗಳ ಸಂದಿಯಲ್ಲಿ, ಚಿರೆಕಲ್ಲಿನ ಎರಡು ಕಂಬ ಕಂಡವು. ಒಂದರ ನೆತ್ತಿ ಒಡೆದಿದೆ. ಇನ್ನೊಂದರ ಒಳಮೈಯಲ್ಲಿ ಮೇಲಿನಿಂದ ನೀರಿನವರೆಗೆ, ಹಲಗೆ ಇಳಿಸಲು ಮಾಡಿದ ಸೀಳು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅದು ನಮ್ಮ ಗಜನಿಯ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯ, ಬಾಗಿಲು. ಹುಡುಗರು ಕಾಡು ಅಂದುಕೊಂಡು ಹುಟ್ಟು ಹಾಕಿದ ಜಾಗದಲ್ಲಿ, ಹತ್ತು ಹನ್ನೊಂದರ ವಯಸ್ಸಿನಲ್ಲಿ ನಾನು ಸೊಂಟಮಟ್ಟ ನೀರಲ್ಲಿ ನಿಂತು ಭತ್ತದ ತೆನೆ ಕೊಯ್ದಿದ್ದೇನೆ. ಕಾಡಿನ ಸುದ್ದಿ ಹೇಳಲಿಲ್ಲ, ಯಾಕೆಂದರೆ ಆಗ ಅಲ್ಲಿ ಕಾಡಿರಲಿಲ್ಲ.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಬಂದು ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಕಡಲಿನ ಹತ್ತಿರ ಬಂದಾಗ ಹೊಳೆ ಅಗಲಕ್ಕೆ ಹರಡಿಕೊಳ್ಳುತ್ತದೆ. ಮಾಸೂರು ಕುರ್ವೆ, ಐಗಳಕುರ್ವೆಯಂಥ ನಡುಗಡ್ಡೆಗಳನ್ನು ಸುತ್ತುತ್ತದೆ. ಮಿರ್ಜಾನ, ಹೆಗಡೆ, ಬರ್ಗಿ, ತೊರ್ಕೆಗಳ ಗದ್ದೆಯಂಚಿಗೆ ಕೈ ಚಾಚುತ್ತದೆ. ಆದರೆ ಕಡಲಿಗೆ ತೆರೆಯುವ ಬಾಯಿ ಮಾತ್ರ ಕಿರಿದು. ಬಡಗಲಲ್ಲಿ ತದಡಿ, ತೆಂಕಲಲ್ಲಿ ಅಘನಾಶಿನಿ ಎಂಬ ಊರು, ನಡುವೆ ಅಳಿವೆ. ಹಾಗಾಗಿ ಒಳಗಿನದ್ದು ಹರಿಯುವ ಹೊಳೆಗಿಂತ ಹೆಚ್ಚಾಗಿ ಲಗೂನಿನ ಸ್ವಭಾವದ್ದು. ದಿನಕ್ಕೆ ಎರಡು ಸಲ ಕಡಲು ಒಳಗೆ ಬರುತ್ತದೆ, ಎರಡು ಸಲ ಹಿಂದೆ ಹೋಗುತ್ತದೆ. ಮಳೆಗಾಲದಲ್ಲಿ ನೀರು ಸಿಹಿ, ಬೇಸಗೆಯಲ್ಲಿ ಮೈಲುಗಟ್ಟಲೆ ಒಳಗಿನವರೆಗೂ ಉಪ್ಪು. ಈ ಎರಡರ ನಡುವೆ ಬದುಕಲು ಕಲಿತ ಜೀವಿಗಳು ಮಾತ್ರ ಇಲ್ಲಿ ಉಳಿಯುತ್ತವೆ. ಮನುಷ್ಯರೂ ಹಾಗೆ ಕಲಿತೇ ಉಳಿದದ್ದು.

ನನ್ನ ಬಾಲ್ಯದ ವರ್ಷ ಶುರುವಾಗುತ್ತಿದ್ದುದು ಯುಗಾದಿಗಲ್ಲ, ಕಟ್ಟೆ ಕೆಲಸಕ್ಕೆ. ಏಪ್ರಿಲ್ ಕೊನೆಗೆ ಗಜನಿಯೊಳಗಿನ ಉಪ್ಪುನೀರು ಬಸಿದು ಬಿಡುತ್ತಿದ್ದರು. ಆಮೇಲೆ ಮನೆಗೊಬ್ಬರಂತೆ ಎಲ್ಲರೂ ಗುದ್ದಲಿ ಹಿಡಿದು ಕೆಸರಿಗೆ ಇಳಿಯಬೇಕು. ಒಬ್ಬರು ಕೆಸರನ್ನು ಗಡ್ಡೆಗಡ್ಡೆಯಾಗಿ ಕಡಿದು ಕೊಡುವುದು, ಸಾಲಾಗಿ ನಿಂತವರು ಕೈಯಿಂದ ಕೈಗೆ ದಾಟಿಸುವುದು, ಕೊನೆಯವನು ಅದನ್ನು ಕಟ್ಟೆಯ ಮೇಲೆ ಬಡಿದು ಕೂರಿಸುವುದು. ನಡುನಡುವೆ ಹುಲ್ಲು, ಸೊಪ್ಪಿನ ಕೊಂಬೆ. ಜೂನಿನ ಮೊದಲ ಮಳೆಗೆ ಗಜನಿ ತುಂಬುತ್ತದೆ. ಮಣ್ಣಿನೊಳಗಿನ ಉಪ್ಪು ಆ ನೀರಿಗೆ ಬಿಟ್ಟುಕೊಳ್ಳುತ್ತದೆ. ಇಳಿತದ ಹೊತ್ತು ನೋಡಿ ಹಲಗೆ ಎತ್ತಿ ಆ ನೀರನ್ನು ಹೊರಗೆ ಬಿಡುತ್ತಾರೆ. ಭರತ ಏರುವ ಮೊದಲೇ ಹಲಗೆ ಇಳಿಸುತ್ತಾರೆ. ಹೀಗೆ ಮಳೆನೀರಿನಿಂದ ನೆಲವನ್ನು ಮತ್ತೆಮತ್ತೆ ತೊಳೆದ ಮೇಲೆ, ಆರಿದ್ರಾ ಮಳೆಯ ಆಸುಪಾಸಿಗೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ.

ಕಗ್ಗ ಬೇರೆ ಭತ್ತದಂತಲ್ಲ. ಸ್ವಲ್ಪ ಉಪ್ಪು ತಾಗಿದರೂ ಸಾಯುವುದಿಲ್ಲ. ನೆರೆ ಬಂದು ಕೆಲವು ದಿನ ಮುಳುಗಿದ್ದರೂ ನೀರಿಳಿದ ಮೇಲೆ ತಲೆ ಎತ್ತುತ್ತದೆ. ಗೊಬ್ಬರ ಕೇಳುವುದಿಲ್ಲ, ಹೊಳೆ ತಂದು ಹಾಕುವ ಗೋಡೇ ಅದಕ್ಕೆ ಸಾಕು. ಆಳೆತ್ತರ ಬೆಳೆಯುವ ಪೈರಿನ ತೆನೆ ಮಾತ್ರ ಕೊಯ್ದು ಪಾತಿ ದೋಣಿಗೆ ತುಂಬುತ್ತಿದ್ದರು. ಹುಲ್ಲು ನೀರಲ್ಲೇ ನಿಲ್ಲುತ್ತಿತ್ತು. ನವೆಂಬರಿಗೆ ಬಾಗಿಲು ತೆರೆದು ಉಪ್ಪುನೀರು ಒಳಗೆ ಬಿಟ್ಟರೆ ಆ ಹುಲ್ಲು ಕೊಳೆಯುತ್ತದೆ; ಕೊಳೆತದ್ದನ್ನು ತಿನ್ನಲು ಸಿಗಡಿ ಮರಿ, ಮೀನಿನ ಮರಿ ಭರತದೊಂದಿಗೆ ಗಜನಿಯೊಳಗೆ ಬರುತ್ತವೆ. ಆರು ತಿಂಗಳು ಅನ್ನ, ಆರು ತಿಂಗಳು ಮೀನು, ಒಂದೇ ನೆಲದಲ್ಲಿ. ಕಗ್ಗದ ಕೆಂಪಕ್ಕಿಯ ಗಂಜಿ ಕುಡಿದು ಗದ್ದೆಗೆ ಹೋದರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಿದ್ದರು. ಅದು ನಿಜ. ಮಧ್ಯಾಹ್ನಕ್ಕೆ ಬೇರೇನೂ ಇರುತ್ತಿರಲಿಲ್ಲ ಎಂಬುದೂ ನಿಜ.

ಈ ಎಲ್ಲದರ ನಡುವೆ ಒಬ್ಬ ಮುದುಕನಿದ್ದ. ನಾವು ಮಕ್ಕಳು ಅವನನ್ನು ಬಾಗಿಲಜ್ಜ ಅನ್ನುತ್ತಿದ್ದೆವು. ಅವನ ಕೆಲಸ ಹಲಗೆ ಏರಿಸುವುದು, ಇಳಿಸುವುದು, ಕಟ್ಟೆ ಕಾಯುವುದು. ಹೊರಗಿನವರಿಗೆ ಇದು ಕೂತು ಮಾಡುವ ಕೆಲಸ ಅನ್ನಿಸಬಹುದು, ಆದರೆ ಹಾಗಲ್ಲ. ಮಣ್ಣಿನ ಕಟ್ಟೆಗೆ ನೆರೆಗಿಂತ ದೊಡ್ಡ ಶತ್ರು ಏಡಿ. ಏಡಿ ಕೊರೆದ ಬಿಲ ಹೆಬ್ಬೆರಳಿನಷ್ಟೇ ಇದ್ದರೂ ಭರತದ ಒತ್ತಡಕ್ಕೆ ಅದರಲ್ಲಿ ನೀರು ಜಿನುಗುತ್ತದೆ, ಜಿನುಗಿದ ನೀರು ಮಣ್ಣು ಒಯ್ಯುತ್ತದೆ, ಬೆಳಗಾಗುವುದರೊಳಗೆ ಆಳು ನುಗ್ಗುವಷ್ಟು ಕೊರಕಲು ಬೀಳುತ್ತದೆ. ಹಾಗಾಗಿ ಬಾಗಿಲಜ್ಜ ಪ್ರತಿ ಭರತಕ್ಕೂ, ರಾತ್ರಿಯದಾಗಲಿ ಹಗಲಿನದಾಗಲಿ, ಕಟ್ಟೆಯುದ್ದಕ್ಕೂ ನಡೆಯುತ್ತಿದ್ದ. ದೀಪ ಒಯ್ಯುತ್ತಿರಲಿಲ್ಲ. ಬರಿಗಾಲಿಗೆ ತಣ್ಣಗೆ ಒಸರು ತಾಗಿದ ಕಡೆ ನಿಂತು, ಹಿಮ್ಮಡಿಯಿಂದ ತುಳಿದು ಬಿಲ ಮುಚ್ಚಿ, ಮೇಲೆ ಒಂದು ಗಡ್ಡೆ ಕೆಸರು ಮೆತ್ತಿ ಮುಂದೆ ಹೋಗುತ್ತಿದ್ದ. ಅವನಿಗೆ ಗಜನಿಯಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ. ವರ್ಷಕ್ಕಿಷ್ಟು ಭತ್ತ, ಮೀನಿನಲ್ಲಿ ಒಂದು ಪಾಲು, ಅಷ್ಟೇ ಅವನ ಸಂಬಳ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಬಾಗಿಲಲ್ಲಿ ಮೀನು ಹಿಡಿಯುತ್ತಿದ್ದರು. ಭರತ ತುಂಬುವುದು ರಾತ್ರಿ ಹನ್ನೊಂದರ ಹೊತ್ತಿಗೆ; ಇಳಿತ ಹಿಡಿದ ಮೇಲೆ ನಡುರಾತ್ರಿ ದಾಟಿದಾಗ ಕೆಲಸ. ಅಪ್ಪ ನನ್ನನ್ನು ಒಮ್ಮೊಮ್ಮೆ ಕರೆದುಕೊಂಡು ಹೋಗುತ್ತಿದ್ದ. ಬಾಗಿಲಿನ ಹೊರಮೈಗೆ ಉದ್ದನೆಯ ಚೀಲದ ಬಲೆ ಕಟ್ಟುತ್ತಾರೆ. ಹಲಗೆ ಎತ್ತಿದ ಕೂಡಲೇ ಗಜನಿಯ ನೀರು ಒಂದೇ ಸದ್ದಿನಲ್ಲಿ ಹೊರಗೆ ನುಗ್ಗುತ್ತದೆ. ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಪ್ಪ ಪೆಟ್ರೋಮ್ಯಾಕ್ಸ್ ಕೆಳಗೆ ಹಿಡಿದಾಗ ನೀರೊಳಗೆ ಕೆಂಡದ ಚುಕ್ಕಿಗಳು ಹರಿದು ಬರುತ್ತಿದ್ದವು. ಅವು ಸಿಗಡಿಯ ಕಣ್ಣು. ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತವೆ. ಬಲೆಯ ಬಾಲ ಬಿಚ್ಚಿ ಹೆಡಿಗೆಗೆ ಸುರಿದಾಗ ಸಿಗಡಿ, ನೊಗಲಿ, ಏಡಿ ಎಲ್ಲ ಒಟ್ಟಿಗೇ ಬೀಳುತ್ತಿದ್ದವು. ಬಾಗಿಲಜ್ಜ ಮಾತ್ರ ಹೆಡಿಗೆಯ ಕಡೆ ನೋಡುತ್ತಿರಲಿಲ್ಲ. ನೀರು ಎಷ್ಟು ಇಳಿಯಿತು ಎಂದು ಕಂಬದ ಮೇಲೆ ಕೈಯಿಟ್ಟು ಅಳೆಯುತ್ತಿದ್ದ. ಪೂರ್ತಿ ಬಸಿದರೆ ಮರಿಗಳು ಉಳಿಯುವುದಿಲ್ಲ. ಯಜಮಾನರು ಇನ್ನೂ ಬಿಡು ಅಂದರೂ ತನಗೆ ಸಾಕು ಅನ್ನಿಸಿದಾಗ ಹಲಗೆ ಇಳಿಸಿಬಿಡುತ್ತಿದ್ದ. ಅವನ ಆ ಒಂದು ಅಧಿಕಾರವನ್ನು ಯಾರೂ ಪ್ರಶ್ನಿಸಿದ್ದು ನಾನು ನೋಡಿಲ್ಲ.

ಗಜನಿ ಗಂಡಸರ ಲೆಕ್ಕದ್ದಾದರೆ ಹೊಳೆಯ ನಡುವಿನ ಮರಳುದಿಬ್ಬ ಹೆಂಗಸರದ್ದು. ನಸುಕಿನ ಇಳಿತಕ್ಕೆ "ನೀರು ಇಳೀತು, ಏಳು ತಂಗೀ" ಎಂದು ಆಯಿ ಎಬ್ಬಿಸುತ್ತಿದ್ದಳು. ದಂಡೆಯಲ್ಲಿ ಆಗಲೇ ಹತ್ತಾರು ಮಂದಿ, ಅಂಬಿಗರು, ಹರಿಕಂತರು, ಹಾಲಕ್ಕಿಗಳು, ನಮ್ಮಂಥ ಒಕ್ಕಲಿನವರು. ಸೀರೆ ಮೇಲೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಗೆ ಹೆಡಿಗೆಯನ್ನೋ ಡಬ್ಬವನ್ನೋ ತೇಲಬಿಟ್ಟು ನೀರಿಗಿಳಿಯುತ್ತಿದ್ದರು. ಬಳಚು ಎಂಬ ಚಿಪ್ಪಿಮೀನು ಕಣ್ಣಿಗೆ ಕಾಣುವುದಿಲ್ಲ. ಕಾಲಬೆರಳಿನಿಂದ ಮರಳು ಕೆದಕಬೇಕು. ಕಲ್ಲಾದರೆ ಚೂಪು, ಸತ್ತ ಚಿಪ್ಪಾದರೆ ಅಡಿಗೆ ಸಿಕ್ಕಿ ಮುರಿಯುತ್ತದೆ, ಬದುಕಿದ ಬಳಚಾದರೆ ನುಣ್ಣಗೆ, ಗಟ್ಟಿಯಾಗಿ, ಬೆರಳಿನಡಿ ಒಂದಿಷ್ಟು ಜಾರುತ್ತದೆ. ಜಾರಿದ ಕಡೆ ಬಗ್ಗಿ ಕೈ ಹಾಕುವುದು. ಆಯಿ ಸಣ್ಣದನ್ನು ಬೆರಳಿನ ಮೇಲೆಯೇ ಅಳೆದು ಅಲ್ಲೇ ಬಿಡುತ್ತಿದ್ದಳು. ಭರತ ಎದೆಗೆ ಬರುವವರೆಗೆ ಇದೇ ಕೆಲಸ. ಮನೆಗೆ ಬಂದು ಕುದಿಸಿ, ಮಾಂಸ ಬಿಡಿಸಿ, ಮನೆಗೆ ಮಿಕ್ಕಿದ್ದನ್ನು ಮಾರಿ, ಚಿಪ್ಪನ್ನು ಸುಣ್ಣದ ಗೂಡಿನವರಿಗೆ ಕೊಡುತ್ತಿದ್ದಳು. ಗದ್ದೆಯ ಲೆಕ್ಕ ಅಪ್ಪನ ಕೈಯಲ್ಲಿತ್ತು. ನನ್ನ ಪುಸ್ತಕ, ಬಸ್ಸಿನ ಚಾರ್ಜು, ಕಾಲೇಜಿನ ಫೀಸು ಬಂದದ್ದು ಬಳಚಿನಿಂದ.

ಹೊಳೆಯ ಮೇಲಿನ ಪ್ರೀತಿಯಿಂದ ಆಗಿನ ಕಾಲವನ್ನು ಚಂದ ಮಾಡಿ ಹೇಳುವುದು ಸುಲಭ. ಆದರೆ ನಾನು ಆಯಿಯ ಪಾದಕ್ಕೆ ರಾತ್ರಿ ಎಣ್ಣೆ ಹಚ್ಚಿದವಳು. ಕಲ್ಗವೆಂಬ ಚಿಪ್ಪಿನ ಚೂಪಿಗೆ ಸೀಳಿ, ಉಪ್ಪು ಕಚ್ಚಿ, ಮಳೆಗಾಲ ಕಳೆದರೂ ಮಾಯದ ಗಾಯಗಳು ಅಲ್ಲಿದ್ದವು. ನನ್ನ ಜೊತೆ ನಾಲ್ಕನೇ ಇಯತ್ತೆಯವರೆಗೆ ಓದಿದ ಹುಡುಗಿಯರಲ್ಲಿ ಹೆಚ್ಚಿನವರು ಹೆಡಿಗೆ ಹಿಡಿದು ಹೊಳೆಗಿಳಿದವರು ಮತ್ತೆ ಶಾಲೆಯ ಕಡೆ ಬರಲಿಲ್ಲ. ಗಜನಿಯ ಮೀನು ಹರಾಜಾದ ದುಡ್ಡು ನೆಲವಿದ್ದವರಿಗೆ ಹಂಚಿಕೆಯಾಗುತ್ತಿತ್ತು. ಕಟ್ಟೆಯ ಕೆಸರು ಹೊತ್ತ ಕೂಲಿಯವರಿಗೆ ಕೊನೆಯ ಸಲ ನೀರು ಬಸಿದ ದಿನ ಗಜನಿಗಿಳಿದು ಸಿಕ್ಕಿದ್ದು ಹಿಡಿದುಕೊಳ್ಳುವ ಅವಕಾಶ ಮಾತ್ರ. ಆ ವ್ಯವಸ್ಥೆ ಹೊಳೆಗೆ ಒಳ್ಳೆಯದಾಗಿತ್ತು. ಎಲ್ಲರಿಗೂ ಒಳ್ಳೆಯದಾಗಿತ್ತು ಎಂದು ನಾನು ಹೇಳಲಾರೆ.

ಪ್ರಾಣಿಪಕ್ಷಿಗಳ ಮಾತೂ ಹಾಗೇ. ನೀರುನಾಯಿ ನಮಗೆ ಕಳ್ಳ. ಬೆಳಗ್ಗೆ ಕಟ್ಟೆಯ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪು ತುಂಬಿದ ಅದರ ಹಿಕ್ಕೆ ಕಂಡರೆ ಗಂಡಸರು ಬೈಯುತ್ತ ದೊಣ್ಣೆ ಹುಡುಕುತ್ತಿದ್ದರು. ಕಗ್ಗ ಹಾಲುಗಟ್ಟುವ ಹೊತ್ತಿಗೆ ನೀಲಿ ಮೈಯ, ಕೆಂಪು ಕೊಕ್ಕಿನ ಜೌಗುಕೋಳಿಗಳು ಗುಂಪಾಗಿ ಇಳಿದು ಪೈರು ಮುರಿಯುತ್ತಿದ್ದವು. ಡಬ್ಬ ಬಡಿದು ಅವನ್ನು ಓಡಿಸುವುದು ನಮ್ಮ ಕೆಲಸ. ಉರುಳಿಗೆ ಬಿದ್ದದ್ದು ಸಾರಿಗೆ. ಅಘನಾಶಿನಿ ಊರಿನಾಚೆಯ ಮರಳದಂಡೆಯಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಅಗೆದು ತರುತ್ತಿದ್ದರು. ಸೆಪ್ಟೆಂಬರ್ ಕಳೆದ ಮೇಲೆ ಕೆಸರು ಬಯಲಿಗೆ ಬರುತ್ತಿದ್ದ ಉದ್ದಕೊಕ್ಕಿನ, ಬೂದುಬಣ್ಣದ ಗೊರವಗಳನ್ನು ಯಾರೂ ಹಿಡಿಯುತ್ತಿರಲಿಲ್ಲ. ಮಾಂಸ ಕಡಿಮೆ ಅನ್ನುತ್ತಿದ್ದರು. ಅವು ಹಿಮಾಲಯದ ಆಚೆ, ಸೈಬೀರಿಯಾದ ಕಡೆಯಿಂದ ಹಾರಿ ಬರುತ್ತವೆ, ಏಪ್ರಿಲ್ ಹೊತ್ತಿಗೆ ಮರಳಿ ಹೋಗುತ್ತವೆ ಎಂದು ನನಗೆ ತಿಳಿದದ್ದು ಧಾರವಾಡದಲ್ಲಿ ಓದುವಾಗ. ಆಯಿಗೆ ಹೇಳಿದೆ. "ಅಷ್ಟು ದೂರದಿಂದ ನಮ್ಮ ಕೆಸರಿಗೇ ಬರ್ತ್ವಾ?" ಎಂದು ಕೇಳಿದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು. ಅಂದಿನಿಂದ ಇಳಿತಕ್ಕೆ ಹೋದಾಗ ಅವು ಮೇಯುವ ಕಡೆ ಬಳಸಿ ನಡೆಯುತ್ತಿದ್ದಳು.

ಮೋಜಿಗೆಂದು ಹೊಳೆಗೆ ಹೋಗುವುದು ನಮಗೂ ಇತ್ತು. ದಾರಕ್ಕೆ ಮೀನಿನ ತಲೆ ಕಟ್ಟಿ ಇಳಿಬಿಟ್ಟು ಏಡಿ ಎಳೆಯುವುದು, ಭರತದ ಜೊತೆ ಈಜಿ ಇಳಿತದ ಜೊತೆ ಮರಳುವುದು. ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಲು ತಾರಿ ದಾಟಿ ತದಡಿಗೆ ಹೋಗುತ್ತಿದ್ದೆವು. ಇಳಿತದ ನೀರು ಹೊರಗೆ ನುಗ್ಗುವಾಗ ಕಡಲ ತೆರೆ ಎದುರಾದರೆ ಅಳಿವೆಯಲ್ಲಿ ದೋಣಿ ಕುಣಿಯುತ್ತದೆ. ತಾರಿಯವನು ಭರತ ತುಂಬಿ ನಿಂತ ಹೊತ್ತಿಗೆ ಕಾಯುತ್ತಿದ್ದ. ಒಮ್ಮೆ ನಡುನೀರಿನಲ್ಲಿ ಬೂದುಬಣ್ಣದ ಬೆನ್ನು ಎದ್ದು, ಉಸಿರು ಬಿಟ್ಟ ಸದ್ದು ಕೇಳಿ ದೋಣಿಯಲ್ಲಿದ್ದ ಹೆಂಗಸರೆಲ್ಲ ಕೈ ಮುಗಿದರು. ಡಾಲ್ಫಿನ್ನುಗಳು ಮೀನಿನ ಹಿಂದೆ ಅಳಿವೆಯವರೆಗೆ ಬರುತ್ತವೆ. ಇವತ್ತಿಗೂ ಬರುತ್ತವೆ.

ಎಪ್ಪತ್ತರ ದಶಕದಲ್ಲಿ, ಉಪ್ಪುನೀರು ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯ ಕಟ್ಟೆ ಬಂತು. ಚಿರೆಕಲ್ಲು, ಸಿಮೆಂಟು, ಗಟ್ಟಿ ಗೇಟು. ಪ್ರತಿ ವರ್ಷ ಕೆಸರು ಹೊರುವ ಕಷ್ಟ ತಪ್ಪಿತೆಂದು ಊರಿಗೆ ಊರೇ ಸಂತೋಷಪಟ್ಟಿತು. ಆ ಸಂತೋಷ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಮನೆಗೊಬ್ಬರು ಕಟ್ಟೆಗೆ ಬರುವುದು ನಿಂತ ಮೇಲೆ ಗಜನಿಯ ಬಗ್ಗೆ ಊರು ಕೂತು ಮಾತಾಡುವುದೂ ನಿಂತಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಗರ್ ಸಿಗಡಿಗೆ ಹೊರದೇಶದ ಬೆಲೆ ಬಂತು. ಗಜನಿ ಗುತ್ತಿಗೆಗೆ ಹಿಡಿದವರು ಮಳೆಗಾಲದಲ್ಲೂ ಉಪ್ಪುನೀರು ಒಳಗೇ ನಿಲ್ಲಿಸತೊಡಗಿದರು. ಭತ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ದುಡ್ಡು ಕೂತಲ್ಲೇ ಕೈಗೆ ಬರುವಾಗ ಕಗ್ಗ ಬಿತ್ತುವುದು ಯಾರಿಗೆ ಬೇಕು? ಹೊರಗಿನವರು ಬಂದು ನಮ್ಮ ಗಜನಿ ಕೆಡಿಸಿದರು ಎಂದು ಊರಲ್ಲಿ ಈಗ ಹೇಳುತ್ತಾರೆ. ಸಹಿ ಹಾಕಿದ್ದು ನಮ್ಮ ಮನೆಗಳ ಯಜಮಾನರೇ. ಹೆಂಗಸರನ್ನು ಯಾರೂ ಕೇಳಿರಲಿಲ್ಲ, ಬಾಗಿಲಜ್ಜನನ್ನಂತೂ ಇಲ್ಲವೇ ಇಲ್ಲ.

1994ರಲ್ಲಿ ಬಿಳಿಚುಕ್ಕೆ ರೋಗದ ವೈರಸ್ ದೇಶದ ಸಿಗಡಿ ಹೊಂಡಗಳಿಗೆ ಕಾಲಿಟ್ಟಿತು. ಕರಾವಳಿಯ ಉದ್ದಕ್ಕೂ ಬೆಳೆ ಸತ್ತಿತು, ನಮ್ಮಲ್ಲೂ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ವಲಯದೊಳಗಿನ ದೊಡ್ಡ ಸಿಗಡಿ ಉದ್ಯಮಗಳನ್ನು ತೆಗೆಯಲು ಹೇಳಿತು. ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿಯಿತ್ತು. ಆದರೆ ನಮ್ಮಲ್ಲಿ ಸಾಂಪ್ರದಾಯಿಕ ಪದ್ಧತಿಯೇ ಆ ಹೊತ್ತಿಗೆ ಅರ್ಧ ಸತ್ತಿತ್ತು. ಗುತ್ತಿಗೆಯವರು ಹೋದರು. ಗೇಟು ತುಕ್ಕು ಹಿಡಿಯಿತು, ಕಟ್ಟೆ ಅಲ್ಲಲ್ಲಿ ಒಡೆಯಿತು, ಒಡೆದದ್ದನ್ನು ಕಟ್ಟಲು ಕೈಗಳಿರಲಿಲ್ಲ. ಹುಡುಗರು ಗೋವಾ, ಮುಂಬೈ, ಬೆಂಗಳೂರು ಸೇರಿದ್ದರು. ಎರಡು ಹೊತ್ತೂ ಭರತ ಒಳಗೆ ಬಂದು ಹೋಗುವ ಆ ಪಾಳು ಗಜನಿಗಳಲ್ಲಿ ಕಾಂಡ್ಲಾ ತಾನಾಗಿ ಬೇರೂರಿತು. ಅರಣ್ಯ ಇಲಾಖೆಯೂ ಬೀಜಕೋಡು ತಂದು ನೆಟ್ಟಿತು. ಹುಡುಗರ ಕಯಾಕು ಹೋದದ್ದು ಆ ಕಾಡಿನೊಳಗೆ.

ಫೋಟೊ ನೋಡಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದೆ. ಕಾಂಡ್ಲಾದ ನೆರಳಲ್ಲಿ ದೋಣಿ ಹೋಗುವಾಗ ನನಗೂ ಸಂತೋಷವಾಯಿತು. ಬಿಳಲುಬೇರುಗಳ ನಡುವೆ ಮೀನಿನ ಮರಿಗಳು ಗುಂಪಾಗಿದ್ದವು, ಬೇರಿಗಂಟಿಕೊಂಡು ಕಲ್ಗ ಬೆಳೆದಿತ್ತು, ಮಿಂಚುಳ್ಳಿ ದೋಣಿಯ ಮುಂದೆಮುಂದೆ ಹಾರುತ್ತಿತ್ತು. ಒಂದು ತಿರುವಿನಲ್ಲಿ ನೀರುನಾಯಿಗಳ ಸಂಸಾರವೇ ದಂಡೆ ಹತ್ತಿ ಮೈ ಒದರಿಕೊಂಡಿತು. ದೋಣಿಯವನು ಎಂಜಿನ್ ನಿಲ್ಲಿಸಿ ಹುಟ್ಟನ್ನೂ ಮೇಲೆತ್ತಿದ. ಅವನ ಅಜ್ಜಂದಿರು ಅವುಗಳ ಹಿಂದೆ ದೊಣ್ಣೆ ಹಿಡಿದು ಓಡಿದವರು. ಇದು ಸಣ್ಣ ಬದಲಾವಣೆಯಲ್ಲ. ನೋಡಲು ಬರುವವರು ದುಡ್ಡು ಕೊಡುತ್ತಾರೆಂದೇ ಈ ಬದಲಾವಣೆ ಬಂದಿದ್ದರೂ ನನಗೆ ಅದರ ಮೇಲೆ ಆಕ್ಷೇಪವಿಲ್ಲ. ಮರಿಗಳಿರುವ ಗೂಡಿನ ಹತ್ತಿರ ಹೋಗಬೇಡಿ, ಕಾಡಿನೊಳಗೆ ಪಟಾಕಿ ಹಚ್ಚಬೇಡಿ ಎಂದು ಅವನೇ ಬಂದವರಿಗೆ ಹೇಳುತ್ತಾನಂತೆ.

ಆದರೆ ಮಾತಿಗೆ ಸಿಕ್ಕವರೆಲ್ಲ ಹೊಳೆಯನ್ನು ಕಾಪಾಡುವುದೆಂದರೆ ಇನ್ನಷ್ಟು ಕಾಂಡ್ಲಾ ನೆಡುವುದು ಎಂದೇ ತಿಳಿದಂತಿತ್ತು. ಇಲ್ಲಿ ನನಗೆ ಗಟ್ಟಿಯಾಗಿ ಹೇಳಬೇಕು ಅನ್ನಿಸುತ್ತದೆ. ಇಳಿತಕ್ಕೆ ಬಯಲಾಗುವ ಬೋಳು ಕೆಸರು, ಮರಳುದಿಬ್ಬ, ಇವು ಖಾಲಿ ಬಿದ್ದ ನೆಲವಲ್ಲ. ಗೊರವಗಳು ಮೇಯುವುದು ಗಿಡದ ನೆರಳಲ್ಲಲ್ಲ, ಆ ಬೋಳು ಕೆಸರಿನಲ್ಲಿ. ಬಳಚು ಬದುಕುವುದು ಬೇರಿನ ಜೊಂಪೆಯಲ್ಲಲ್ಲ, ಸಡಿಲ ಮರಳಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಹೊತ್ತಿಗೆ ಮಾಡಿದ ಅಂದಾಜಿನಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಮೀನು ತೆಗೆಯುತ್ತಿದ್ದರು. ಸುಮಾರು 2,300 ಮಂದಿ ನೇರವಾಗಿ ಅದರಿಂದಲೇ ಬದುಕುತ್ತಿದ್ದರು. ಈಗ ದಂಡೆಯಲ್ಲಿ ಸಿಕ್ಕ ಹೆಂಗಸರು ಮೊದಲಿನಷ್ಟು ಸಿಗುವುದಿಲ್ಲ ಅನ್ನುತ್ತಾರೆ. ಮರಳು ತೆಗೆದ ಕಡೆ ಹೊಂಡ ಬಿದ್ದು ಕಾಲಿಗೆ ನೆಲವೇ ಸಿಗುವುದಿಲ್ಲ, ಬೀಜದ ಗಾತ್ರದ್ದನ್ನೂ ಬಾಚಿ ಒಯ್ಯುವವರಿದ್ದಾರೆ ಎಂದರು. ಕಾಂಡ್ಲಾಕ್ಕೂ ಜಾಗವಿದೆ, ಬೋಳು ಕೆಸರಿಗೂ ಜಾಗ ಬೇಕು, ಇನ್ನೂ ಉಳಿದ ಗಜನಿಗಳಲ್ಲಿ ಕಗ್ಗಕ್ಕೂ ಬೇಕು. ಮಾಣಿಕಟ್ಟಾದ ರೈತರು ಒಟ್ಟಾಗಿ ನಿಂತು ಕಗ್ಗದ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ. ಕಡಲಿನ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪಿಗೂ ನೆರೆಗೂ ಜಗ್ಗದ ಭತ್ತ ನಮ್ಮ ಕೈಯಲ್ಲೇ ಇದೆ, ಅದನ್ನು ಬಿತ್ತುವ ಕೈಗಳು ಕಡಿಮೆಯಾಗುತ್ತಿವೆ.

ಈ ಹೊಳೆಯನ್ನು ಉಳಿಸಿದ್ದು ಜನ ಎಂಬುದನ್ನು ಮರೆಯಬಾರದು. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆಂದಾಗ ಎದ್ದು ನಿಂತವರು ಮೀನುಗಾರರು, ರೈತರು, ಬಳಚು ಹೆಕ್ಕುವವರು. ಬಿಸಿನೀರು, ಬೂದಿ ಅಳಿವೆಗೆ ಬಿದ್ದರೆ ಏನಾಗುತ್ತದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಸ್ಥಾವರ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು. ಈಗ ಅಘನಾಶಿನಿಯ ನೀರನ್ನು ಘಟ್ಟದಾಚೆಯ ವೇದಾವತಿ ನದಿಗೆ ಒಯ್ಯುವ ಯೋಜನೆಯ ಮಾತು. ಘಟ್ಟದ ಮೇಲೆ ಎತ್ತಿದ ಸಿಹಿನೀರು ಕೆಳಗಿನ ಉಪ್ಪಿಗೆ ಸಿಗುವುದಿಲ್ಲ. ಮಳೆನೀರಿನಿಂದ ತೊಳೆಯದ ಗಜನಿಯಲ್ಲಿ ಕಗ್ಗವೂ ಮೊಳೆಯುವುದಿಲ್ಲ. ಕಡಲಿಗೆ ಸೇರಿ ವ್ಯರ್ಥವಾಗುವ ನೀರು ಎಂದು ಹೇಳುವವರನ್ನು ಒಂದು ದಿನ ಆಯಿಯ ಜೊತೆ ಇಳಿತಕ್ಕೆ ಕಳಿಸಬೇಕಿತ್ತು. ಅವಳೀಗ ಇಲ್ಲ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ರಾಜ್ಯದಿಂದ ಮಾಗಡಿ ಕೆರೆ, ಅಂಕಸಮುದ್ರಗಳೂ ಜೊತೆಗೆ ಸೇರಿದವು. ಅದಕ್ಕೆ ಮೊದಲು ಕರ್ನಾಟಕದಿಂದ ಇದ್ದದ್ದು ರಂಗನತಿಟ್ಟು ಒಂದೇ. ಆ ಘೋಷಣೆಯಲ್ಲಿ ಹಕ್ಕಿಗಳ ಜೊತೆಗೇ ಗಜನಿಯ ಹೆಸರಿದೆ, ಚಿಪ್ಪಿಮೀನಿನ ಹೆಸರಿದೆ, ಸಾಣಿಕಟ್ಟಾದಂಥ ಕಡೆಯ ಉಪ್ಪಿನ ಕೆಲಸದ ಪ್ರಸ್ತಾಪವಿದೆ, 6,000ದಿಂದ 7,500 ಕುಟುಂಬಗಳು ಇದರಿಂದ ಬದುಕುತ್ತವೆ ಎಂಬ ಮಾತಿದೆ. ಅದನ್ನು ಓದಿ ನಾನು ಅತ್ತೆ. ಬಾಗಿಲಜ್ಜನ ಕೆಲಸಕ್ಕೆ ಇಷ್ಟು ವರ್ಷದ ಮೇಲೆ ಒಂದು ಕಾಗದದಲ್ಲಿ ಜಾಗ ಸಿಕ್ಕಿತಲ್ಲ ಎಂದು.

ಪಟ್ಟಿಗೆ ಸೇರಿದ ಜಾಗಕ್ಕೆ ನಿರ್ವಹಣಾ ಯೋಜನೆ ಬೇಕಾಗುತ್ತದೆ. ಎಲ್ಲಿ ದೋಣಿವಿಹಾರ, ಎಲ್ಲಿ ಬೇಡ, ಎಲ್ಲಿ ಕಾಂಡ್ಲಾ, ಯಾವ ತಿಂಗಳು ಬಳಚಿಗೆ ಬಿಡುವು, ಒಡೆದ ಬಾಗಿಲುಗಳನ್ನು ಯಾರು ಕಟ್ಟಬೇಕು, ಕಟ್ಟೆ ಕಾಯುವವನಿಗೆ ಸಂಬಳ ಯಾರು ಕೊಡಬೇಕು ಎಂಬುದೆಲ್ಲ ಅದರಲ್ಲಿ ತೀರ್ಮಾನವಾಗಬೇಕು. ಅದಕ್ಕಾಗಿ ಊರೂರಲ್ಲಿ ಸಭೆ ಕರೆಯುವ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆಯಿದೆ. ಸಭೆ ಸಾಮಾನ್ಯವಾಗಿ ಬೆಳಗಿನ ಹನ್ನೊಂದಕ್ಕೆ ಪಂಚಾಯಿತಿಯಲ್ಲಿ ಇಡುತ್ತಾರೆ. ದಿನ ಗೊತ್ತು ಮಾಡುವ ಮೊದಲು ಗೋಡೆಯ ಮೇಲಿನ ಪಂಚಾಂಗ ನೋಡಿ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಪಂಚಮಿ, ಷಷ್ಠಿಯ ದಿನಗಳಲ್ಲಿ ಒಂಬತ್ತು, ಹತ್ತರ ಹೊತ್ತಿಗೆ ನೀರು ಇಳಿದಿರುತ್ತದೆ. ಆಗ ಸಭೆ ಕರೆದರೆ ಹೆಂಗಸರು ಒಬ್ಬರೂ ಬರಲಾರರು, ಅವರು ಹೊಳೆಯ ನಡುವೆ ಇರುತ್ತಾರೆ. ಅಮಾವಾಸ್ಯೆಯೋ ಹುಣ್ಣಿಮೆಯೋ ಆದ ದಿನ ಹನ್ನೊಂದಕ್ಕೆ ಇಡಿ. ಆಗ ಹೊಳೆ ತುಂಬಿರುತ್ತದೆ, ಎಲ್ಲರೂ ಮನೆಯಲ್ಲಿರುತ್ತಾರೆ.